ಶವಪೆಟ್ಟಿಗೆಗೆ ಸಿಕ್ಕ ಪೌರತ್ವ

2003ರ ಮಾರ್ಚ್ 21. ಅಮೆರಿಕ ಮತ್ತು ಅದರ ಮಿತ್ರಪಡೆಗಳು ಇರಾಕಿನ ಮೇಲೆ ದಾಳಿ ಆರಂಭಿಸಿ ಅಂದಿಗೆ ಎರಡೇ ದಿನ. ದಕ್ಷಿಣ ಇರಾಕಿನ ಬಂದರು ಪಟ್ಟಣ ಉಮ್ಮು ಕಸ್ರ್‌ನ ಬಳಿ ಅಮೆರಿಕದ ಮರೀನ್ ಪಡೆಯ ಯುವ ಸೈನಿಕನೊಬ್ಬ ಗುಂಡೇಟಿಗೆ ಬಲಿಯಾದ. ಹೆಸರು ಹೊಸೆ ಆಂಟೋನಿಯೊ ಗುಟಿಯೆರೆಸ್. ಹುದ್ದೆ ಲಾನ್ಸ್ ಕಾರ್ಪೊರಲ್. ದಾಖಲೆಗಳ ಪ್ರಕಾರ ವಯಸ್ಸು 22. ಆ ಯುದ್ಧದಲ್ಲಿ ಅಮೆರಿಕದ ಪರವಾಗಿ ಮಡಿದ ಮೊತ್ತಮೊದಲಿಗರಲ್ಲಿ ಆತನೂ ಒಬ್ಬ. ಆದರೆ ಯಾವ ದೇಶದ ಸಮವಸ್ತ್ರ ತೊಟ್ಟು ಆತ ಪ್ರಾಣ ಬಿಟ್ಟನೋ ಆ ದೇಶದ ಪ್ರಜೆ ಆತನಾಗಿರಲಿಲ್ಲ. ಪ್ರಜೆ ಎಂಬ ಪಟ್ಟ ಆತನಿಗೆ ದೊರೆತದ್ದು ಕೆಲವು ದಿನಗಳ ಬಳಿಕ. ಆಗ ಅದನ್ನು ಸ್ವೀಕರಿಸಲು ಆತ ಬದುಕಿರಲಿಲ್ಲ.

ಸತ್ತವನಿಗೆ ಪೌರತ್ವ ಕೊಡುವುದೆಂದರೇನು? ಅದು ಗೌರವವೇ, ಪ್ರಾಯಶ್ಚಿತ್ತವೇ, ಅಥವಾ ಬದುಕಿದ್ದಾಗ ಕೊಡದೆ ಉಳಿಸಿಕೊಂಡದ್ದನ್ನು ಮುಚ್ಚಲು ಹೊದಿಸಿದ ಹೊದಿಕೆಯೇ? ಆ ಯುದ್ಧದ ಬಗ್ಗೆ ಬೆಟ್ಟದಷ್ಟು ಬರೆದಾಗಿದೆ. ಆದರೆ ಈ ಒಂದು ಪ್ರಶ್ನೆ ಇಂದಿಗೂ ಉತ್ತರ ಕಾಣದೆ ಉಳಿದಿದೆ ಎಂಬುದು ನಮ್ಮ ಅಭಿಮತ. ಅದಕ್ಕೆ ಉತ್ತರ ಹುಡುಕಬೇಕಾದರೆ ಗುಟಿಯೆರೆಸ್‌ನ ಬದುಕನ್ನು ಆರಂಭದಿಂದಲೇ ನೋಡಬೇಕಾಗುತ್ತದೆ.

ಆತ ಮಧ್ಯ ಅಮೆರಿಕದ ಪುಟ್ಟ ರಾಷ್ಟ್ರವಾದ ಗ್ವಾಟೆಮಾಲಾದ ಬಡಕುಟುಂಬವೊಂದರಲ್ಲಿ ಹುಟ್ಟಿದವನು. ಆ ದೇಶದ ದುರ್ದೆಸೆಯ ಹಿಂದೆ ಒಂದು ಇತಿಹಾಸವಿದೆ. 1954ರಲ್ಲಿ ಅಲ್ಲಿಯ ಚುನಾಯಿತ ಅಧ್ಯಕ್ಷ ಹಕೋಬೊ ಆರ್ಬೆನ್ಸ್ ಅವರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸಂಚು ಹೂಡಿ ಪದಚ್ಯುತಗೊಳಿಸಿತು. ಅವರು ಮಾಡಿದ ದೊಡ್ಡ ಅಪರಾಧವೆಂದರೆ ಭೂಸುಧಾರಣೆಗೆ ಕೈಹಾಕಿದ್ದು. ಅದರಿಂದ ಅಮೆರಿಕದ ಬೃಹತ್ ಬಾಳೆಹಣ್ಣು ಕಂಪೆನಿಯಾದ ಯುನೈಟೆಡ್ ಫ್ರೂಟ್‌ನ ಪಾಳುಬಿದ್ದ ಜಮೀನುಗಳಿಗೆ ಸಂಚಕಾರ ಬಂದಿತ್ತು. ಅನಂತರ ಬಂದದ್ದು ಸೈನಿಕ ಆಳ್ವಿಕೆಗಳ ಸರಣಿ. 1960ರಿಂದ 1996ರ ತನಕ, ಮೂವತ್ತಾರು ವರ್ಷ, ಆ ನೆಲ ಅಂತರ್ಯುದ್ಧದಲ್ಲಿ ಬೆಂದಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಹತರಾದರು ಅಥವಾ ಕಣ್ಮರೆಯಾದರು ಎಂದು ವಿಶ್ವಸಂಸ್ಥೆಯ ನೆರವಿನಿಂದ ರಚನೆಯಾದ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜಿಸಿತು. ದೌರ್ಜನ್ಯಗಳಲ್ಲಿ ಶೇ. 93ರಷ್ಟಕ್ಕೆ ಸರಕಾರಿ ಪಡೆಗಳೇ ಹೊಣೆಯೆಂದು ಹೇಳಿತು. ಗುರುತು ಪತ್ತೆಯಾದ ಬಲಿಪಶುಗಳಲ್ಲಿ ಶೇ. 83ರಷ್ಟು ಮಂದಿ ಆ ನೆಲದ ಮೂಲನಿವಾಸಿಗಳಾದ ಮಾಯಾ ಜನಾಂಗದವರು. ಅಂತಹ ಪಡೆಗಳಿಗೆ ಬೆಂಬಲ ನೀಡಿದ್ದು ತಪ್ಪೆಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅದೇ ವರ್ಷ ಗ್ವಾಟೆಮಾಲಾ ನಗರದಲ್ಲೇ ನಿಂತು ಒಪ್ಪಿಕೊಂಡರು.

ಈ ದೇಶದಲ್ಲಿ, ಈ ಕಾಲದಲ್ಲಿ ಗುಟಿಯೆರೆಸ್ ಕಣ್ಣುಬಿಟ್ಟ. ಬಾಲ್ಯದಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡ. ಆತನಿಗೆ ಉಳಿದದ್ದು ಒಬ್ಬ ಸೋದರಿ ಮತ್ತು ರಾಜಧಾನಿಯ ಬೀದಿ. ಬೀದಿಯ ಮಕ್ಕಳ ಬದುಕು ಎಲ್ಲ ದೇಶಗಳಲ್ಲೂ ಒಂದೇ ತೆರನಾದದ್ದು: ಹಸಿವು, ಅಂಟುದ್ರಾವಣದ ಅಮಲು, ಪೊಲೀಸರ ಲಾಠಿ. ನಿರ್ಗತಿಕ ಮಕ್ಕಳಿಗಾಗಿ ದುಡಿಯುವ ಕಾಸಾ ಅಲಿಯಾನ್ಸಾ ಎಂಬ ಸಂಸ್ಥೆ ಆತನಿಗೆ ಸೂರು ಒದಗಿಸಿತು. ಅದಿಲ್ಲದಿದ್ದರೆ ಆತನ ಕಥೆ ಬಹುಶಃ ಆ ಬೀದಿಯಲ್ಲೇ ಮುಗಿಯುತ್ತಿತ್ತು.

ಆದರೆ ಹರೆಯಕ್ಕೆ ಕಾಲಿಟ್ಟ ಆತನ ಕಣ್ಣು ಉತ್ತರ ದಿಕ್ಕಿನತ್ತ ನೆಟ್ಟಿತ್ತು. ಕೈಯಲ್ಲಿ ಕಾಗದಪತ್ರಗಳಿರಲಿಲ್ಲ, ಹಣವಿರಲಿಲ್ಲ. ಮಧ್ಯ ಅಮೆರಿಕದ ಬಡವರು ಮೆಕ್ಸಿಕೊವನ್ನು ದಾಟುವ ರೀತಿಯೇ ಬೇರೆ. ಅವರು ಸರಕು ಸಾಗಿಸುವ ರೈಲಿನ ಛಾವಣಿ ಹತ್ತುತ್ತಾರೆ. ನಿದ್ದೆ ತೂಗಿದರೆ ಚಕ್ರದಡಿ. ಎಚ್ಚರವಿದ್ದರೂ ದರೋಡೆಕೋರರ ಮತ್ತು ಲಂಚಕೋರರ ಕೈಯಡಿ. ಈ ಮಾರ್ಗದಲ್ಲಿ ಕೈಕಾಲು ಕಳೆದುಕೊಂಡವರು, ಜೀವ ತೆತ್ತವರು ಅಸಂಖ್ಯ. ಗುಟಿಯೆರೆಸ್ ಹೇಗೋ ಅದನ್ನು ದಾಟಿ ಕ್ಯಾಲಿಫೋರ್ನಿಯಾ ತಲುಪಿದ. ಅಪ್ರಾಪ್ತನೆಂದೂ ಅನಾಥನೆಂದೂ ಪರಿಗಣಿಸಿ ಆತನನ್ನು ಹಿಂದಕ್ಕೆ ಅಟ್ಟದೆ, ಅಲ್ಲಿ ನೆಲೆಸಲು ಅನುಮತಿ ನೀಡಲಾಯಿತು. ಲಾಸ್ ಏಂಜಲೀಸ್ ಪ್ರದೇಶದ ಸಾಕು ಕುಟುಂಬಗಳು ಆತನಿಗೆ ಮನೆಯ ಬಾಗಿಲು ತೆರೆದವು.

ಇಲ್ಲಿ ನಾವು ನ್ಯಾಯ ಮರೆಯಬಾರದು. ಪರದೇಶದ ಅನಾಥನೊಬ್ಬನನ್ನು ಮನೆಮಗನಂತೆ ಕಂಡ ಆ ಸಾಮಾನ್ಯ ಅಮೆರಿಕನ್ನರ ಔದಾರ್ಯ ಪ್ರಶಂಸನೀಯ. ಸರಕಾರದ ಮೇಲಿನ ಸಿಟ್ಟನ್ನು ಜನತೆಯ ಮೇಲೆ ತೀರಿಸುವುದು ನ್ಯಾಯವಲ್ಲ. ಅವರ ಆಸರೆಯಿಂದಲೇ ಆತ ಟೊರಾನ್ಸ್ ನಗರದ ನಾರ್ತ್ ಹೈಸ್ಕೂಲಿನಲ್ಲಿ ಓದಿದ, ಇಂಗ್ಲಿಷ್ ಕಲಿತ, ಹಾರ್ಬರ್ ಕಾಲೇಜಿನ ಮೆಟ್ಟಿಲು ಹತ್ತಿದ. ವಾಸ್ತುಶಿಲ್ಪಿಯಾಗಬೇಕೆಂಬುದು ಆತನ ಕನಸಾಗಿತ್ತು. ಸೂರಿಲ್ಲದೆ ಬೆಳೆದವನು ಮನೆ ಕಟ್ಟುವ ಕನಸು ಕಾಣುವುದರಲ್ಲಿ ಅಚ್ಚರಿಯೇನಿದೆ? ಗ್ವಾಟೆಮಾಲಾದಲ್ಲಿ ಉಳಿದಿದ್ದ ಸೋದರಿಗೆ ಆಸರೆಯಾಗಬೇಕೆಂಬ ಹಂಬಲವೂ ಆತನಿಗಿತ್ತು. 2002ರಲ್ಲಿ ಆತ ಮರೀನ್ ಪಡೆಗೆ ಸೇರಿದ. ಆಶ್ರಯವಿತ್ತ ದೇಶದ ಋಣ ತೀರಿಸುವ ಭಾವ ಆತನಲ್ಲಿತ್ತೆಂದು ಬಲ್ಲವರು ಹೇಳಿದರು. ಅದನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಸೈನ್ಯ ಸೇರಿದರೆ ಕಾಲೇಜಿನ ಖರ್ಚಿಗೆ ನೆರವು ಮತ್ತು ತಿಂಗಳ ಸಂಬಳ ಸಿಗುತ್ತದೆ, ಪೌರತ್ವದ ಹಾದಿಯೂ ಹತ್ತಿರವಾಗುತ್ತದೆ ಎಂಬ ಆಮಿಷ ಬಡ ವಲಸಿಗ ಯುವಕರ ಮುಂದೆ ಸದಾ ತೂಗಾಡುತ್ತಿತ್ತು ಎಂಬುದೂ ಅಷ್ಟೇ ನಿಜ.

ಯುದ್ಧದ ಎರಡನೆಯ ದಿನ ಎಲ್ಲವೂ ಮುಗಿಯಿತು. ಆತನನ್ನು ಕೊಂದದ್ದು ಶತ್ರುವಿನ ಗುಂಡೆಂದೇ ಮೊದಲು ಸುದ್ದಿಯಾಯಿತು. ಅನಂತರ ತಿಳಿದುಬಂದದ್ದು ಬೇರೆ: ಅದು ಸ್ವಂತ ಪಡೆಯ ಗುಂಡು. ಏಪ್ರಿಲ್‌ನಲ್ಲಿ ಸರಕಾರ ಆತನಿಗೆ ಮರಣೋತ್ತರ ಪೌರತ್ವ ಪ್ರಕಟಿಸಿತು. ಮೆಕ್ಸಿಕೊದಲ್ಲಿ ಹುಟ್ಟಿ ಅದೇ ವಾರ ಇರಾಕಿನಲ್ಲಿ ಮಡಿದ ಮತ್ತೊಬ್ಬ ಮರೀನ್ ಹೊಸೆ ಗರಿಬಾಯ್‌ಗೂ ಅದೇ ಗೌರವ ದೊರೆಯಿತು. ಗುಟಿಯೆರೆಸ್‌ನ ಪಾರ್ಥಿವ ಶರೀರವನ್ನು ಗ್ವಾಟೆಮಾಲಾಕ್ಕೆ ಒಯ್ಯಲಾಯಿತು. ಬರಿಗೈಯಲ್ಲಿ ರೈಲಿನ ಛಾವಣಿಯೇರಿ ಹೊರಟಿದ್ದವನು ವಿದೇಶದ ಧ್ವಜ ಹೊದೆದು, ಸೈನಿಕ ಮರ್ಯಾದೆಯೊಂದಿಗೆ ಹುಟ್ಟೂರಿಗೆ ಮರಳಿದ.

ಈಗ ನಾವು ಎತ್ತಿದ ಪ್ರಶ್ನೆಗೆ ಬರೋಣ. ಆ ಪೌರತ್ವದಿಂದ ಯಾರಿಗೆ ಏನು ದೊರೆಯಿತು? ಅಂದಿನ ಕಾನೂನಿನ ಪ್ರಕಾರ ಮರಣೋತ್ತರ ಪೌರತ್ವ ಕೇವಲ ಗೌರವಸೂಚಕ. ಮೃತನ ಪತ್ನಿಗಾಗಲಿ, ಮಕ್ಕಳಿಗಾಗಲಿ, ತಂದೆ ತಾಯಿಗಾಗಲಿ ಅದರ ಆಧಾರದಲ್ಲಿ ಅಮೆರಿಕದಲ್ಲಿ ನೆಲೆಸುವ ಯಾವ ಹಕ್ಕೂ ಹುಟ್ಟುತ್ತಿರಲಿಲ್ಲ. ಅಂದರೆ ಅದು ಗೋಡೆಗೆ ತೂಗುಹಾಕುವ ಒಂದು ಕಾಗದ ಮಾತ್ರ. ಟೀಕೆಗಳು ಹೆಚ್ಚಿದ ಬಳಿಕ, 2003ರ ನವೆಂಬರ್‌ನಲ್ಲಿ ಅಂಗೀಕೃತವಾದ ಕಾನೂನು ಮೃತ ಸೈನಿಕರ ಪತ್ನಿ, ಮಕ್ಕಳು ಮತ್ತು ಹೆತ್ತವರಿಗೆ ಕೆಲವು ಸೌಲಭ್ಯಗಳನ್ನು ಕಲ್ಪಿಸಿತು. ಸೈನಿಕರ ಪೌರತ್ವದ ಅರ್ಜಿಶುಲ್ಕವನ್ನು ತೆಗೆದುಹಾಕಿತು. ಒಳ್ಳೆಯದೇ. ಆದರೆ ಇಷ್ಟನ್ನು ಮಾಡಲು ಹೆಣಗಳ ಸಾಕ್ಷ್ಯ ಬೇಕಾಯಿತಲ್ಲ!

ಆ ದಿನಗಳಲ್ಲಿ ಅಮೆರಿಕದ ಸೇನೆಯಲ್ಲಿ ಪೌರತ್ವವಿಲ್ಲದ ಸೈನಿಕರು ಸುಮಾರು 37,000 ಮಂದಿ ಇದ್ದರು. 2002ರ ಜುಲೈಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಹೊರಡಿಸಿದ ಆದೇಶದಂತೆ ಇವರು ವರ್ಷಗಟ್ಟಲೆ ಕಾಯದೆ ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು. ಆದರೆ ಅರ್ಜಿ ಹಾಕುವುದು ಬೇರೆ, ಅದು ಕೈಸೇರುವುದು ಬೇರೆ. ಸೈನ್ಯ ಸಾಗುವ ವೇಗಕ್ಕೂ ಕಡತ ಸಾಗುವ ವೇಗಕ್ಕೂ ಹೋಲಿಕೆಯುಂಟೇ? ಒಬ್ಬನ ಕೈಗೆ ಬಂದೂಕು ಕೊಟ್ಟು ಸಾವಿರಾರು ಮೈಲು ದೂರದ ಮರುಭೂಮಿಗೆ ಕಳುಹಿಸಲು ಸಿದ್ಧವಿರುವ ಸರಕಾರಕ್ಕೆ, ವಿಮಾನ ಹತ್ತುವ ಮುನ್ನ ಆತನ ಕೈಗೆ ಒಂದು ಪ್ರಮಾಣಪತ್ರ ಕೊಡುವುದು ಅಸಾಧ್ಯವಾಗಿತ್ತೆಂದರೆ ನಂಬುವುದು ಕಷ್ಟ. ಅದೇ ಏಪ್ರಿಲ್‌ನಲ್ಲಿ ಗಾಯಾಳು ಸೈನಿಕರಿಬ್ಬರು ನೌಕಾಪಡೆಯ ಆಸ್ಪತ್ರೆಯಲ್ಲಿ ಪೌರತ್ವದ ಪ್ರಮಾಣವಚನ ಸ್ವೀಕರಿಸಿದಾಗ ಸ್ವತಃ ಅಧ್ಯಕ್ಷರೇ ಹಾಜರಿದ್ದರು. ಮನಸ್ಸಿದ್ದರೆ ಕಡತ ಓಡುತ್ತದೆ. ಆದರೆ ಅದನ್ನು ಓಡಿಸಲು ರಕ್ತ ಹರಿಯಬೇಕಾಯಿತು.

ಲಾಸ್ ಏಂಜಲೀಸ್‌ನ ಕಾರ್ಡಿನಲ್ ರೋಜರ್ ಮಹೋನಿ ಈ ವಿಷಯದಲ್ಲಿ ದನಿಯೆತ್ತಿದರು. ಪೌರತ್ವ ಗಳಿಸಲು ರಣರಂಗದಲ್ಲಿ ಸಾಯಬೇಕೆಂದಾದರೆ ದೇಶದ ವಲಸೆ ನೀತಿಯಲ್ಲೇ ಘೋರವಾದ ದೋಷವಿದೆ ಎಂಬುದು ಅವರು ಅಧ್ಯಕ್ಷರಿಗೆ ಬರೆದ ಪತ್ರದ ಸಾರ. ಧರ್ಮಗುರುವೊಬ್ಬರು ಅಧಿಕಾರದ ಮುಂದೆ ಹೇಳಬೇಕಾದ ಮಾತು ಇದೇ. ಯಾವ ಧರ್ಮದವರು ಹೇಳಿದರೂ ಸತ್ಯ ಸತ್ಯವೇ.

'ಆತನನ್ನು ಯಾರೂ ಬಲಾತ್ಕಾರದಿಂದ ಸೇರಿಸಲಿಲ್ಲವಲ್ಲ, ಸ್ವಇಚ್ಛೆಯಿಂದಲೇ ಸೇರಿದನಲ್ಲ' ಎಂದು ವಾದಿಸುವವರಿದ್ದಾರೆ. ವಾದ ತಳ್ಳಿಹಾಕುವಂಥದ್ದಲ್ಲ. ಆತ ಯಾರ ಕೈಗೊಂಬೆಯೂ ಆಗಿರಲಿಲ್ಲ. ತನ್ನ ದಾರಿಯನ್ನು ತಾನೇ ಆರಿಸಿದ. ಆದರೆ ಆಯ್ಕೆ ಎಂಬ ಪದವನ್ನು ಬಳಸುವ ಮುನ್ನ ಆಯ್ದುಕೊಳ್ಳಲು ಏನೇನಿತ್ತು ಎಂದೂ ಕೇಳಬೇಡವೇ? ಶ್ರೀಮಂತನ ಮಗ ವಾಸ್ತುಶಿಲ್ಪ ಕಲಿಯಲು ನೇರವಾಗಿ ಕಾಲೇಜಿಗೆ ಹೋಗುತ್ತಾನೆ. ಬಡವನ ಮಗ ಅದೇ ಕಾಲೇಜಿಗೆ ರಣರಂಗವನ್ನು ಬಳಸಿ ಹೋಗಬೇಕಾಗುತ್ತದೆ. ಇಬ್ಬರದೂ ಆಯ್ಕೆಯೇ. ಆದರೆ ಒಬ್ಬನ ದಾರಿಯಲ್ಲಿ ಮಾತ್ರ ಸಾವು ಕಾದು ಕುಳಿತಿರುತ್ತದೆ. ಯುದ್ಧ ಬೇಕೆಂದು ಮತ ಹಾಕಿದ ಸಂಸದರಲ್ಲಿ ಎಷ್ಟು ಮಂದಿಯ ಮಕ್ಕಳು ಆ ಮರುಭೂಮಿಯಲ್ಲಿದ್ದರು? ಬೆರಳೆಣಿಕೆಯಷ್ಟು ಮಾತ್ರ. ಯುದ್ಧ ನಿರ್ಣಯಿಸುವವರು ಒಬ್ಬರು, ಸಾಯುವವರು ಇನ್ನೊಬ್ಬರು. ಆ ಸಾಯುವವರ ಸಾಲಿನಲ್ಲಿದ್ದ ಗುಟಿಯೆರೆಸ್‌ಗೆ ಅದನ್ನು ನಿರ್ಣಯಿಸುವವರನ್ನು ಆರಿಸುವ ಹಕ್ಕು, ಅಂದರೆ ಮತದಾನದ ಹಕ್ಕೇ ಇರಲಿಲ್ಲ ಎಂಬುದನ್ನು ಮರೆಯದಿರೋಣ.

ಆ ಯುದ್ಧವಾದರೂ ಎಂಥದ್ದು? ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ನೆಪದಲ್ಲಿ ಅದನ್ನು ಆರಂಭಿಸಲಾಯಿತು. ಅಂತಹ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲವೆಂದು 2004ರಲ್ಲಿ ಅಮೆರಿಕದ್ದೇ ತನಿಖಾ ತಂಡ ವರದಿ ನೀಡಿತು. ಅಷ್ಟರಲ್ಲಿ ಒಂದು ದೇಶ ನುಚ್ಚುನೂರಾಗಿತ್ತು. ಸದ್ದಾಮ್ ಹುಸೈನ್ ಕ್ರೂರ ಸರ್ವಾಧಿಕಾರಿಯಾಗಿದ್ದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸರ್ವಾಧಿಕಾರಿಯ ಪಾಪಕ್ಕೆ ಬೆಲೆ ತೆತ್ತದ್ದು ಬಸ್ರಾ, ಬಗ್ದಾದ್, ಫಲ್ಲೂಜಾಗಳ ತಾಯಂದಿರು ಮತ್ತು ಮಕ್ಕಳು. ಅನಾಥನಾಗಿ ಬೆಳೆದವನೊಬ್ಬನನ್ನು, ಸಾವಿರಾರು ಮಕ್ಕಳನ್ನು ಅನಾಥರನ್ನಾಗಿಸಿದ ಯುದ್ಧಕ್ಕೆ ಕಳುಹಿಸಲಾಯಿತು. ಆತನ ತಾಯ್ನಾಡನ್ನು ಕೆಡಿಸಿದ ರಾಜನೀತಿಯೇ ಆತನ ಕೈಯಿಂದ ಇನ್ನೊಬ್ಬರ ತಾಯ್ನಾಡಿನ ಬಾಗಿಲು ಒಡೆಸಿತು. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ? ಆ ಯುದ್ಧ ಅನ್ಯಾಯದ್ದೆಂದು ನಾವು ಹೇಳುತ್ತೇವೆ. ಆದರೆ ಆ ಸೈನಿಕನ ಸಾವಿಗೆ ಮರುಗಲು ಅದು ಅಡ್ಡಿಯಾಗಬಾರದು ಎಂದೂ ಹೇಳುತ್ತೇವೆ. ಎರಡೂ ಒಂದೇ ನ್ಯಾಯಪ್ರಜ್ಞೆಯ ಬೇಡಿಕೆಗಳು.

ಪರದೇಶಿಯ ರಕ್ತವನ್ನು ಸ್ವೀಕರಿಸಿ ಪರದೇಶಿಯನ್ನು ನಿರಾಕರಿಸುವ ಈ ಪರಿಪಾಠ ಇರಾಕ್ ಯುದ್ಧದೊಂದಿಗೆ ಹುಟ್ಟಿದ್ದಲ್ಲ. ಪಂಜಾಬಿನಿಂದ ವಲಸೆ ಹೋದ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಸೇನೆ ಸೇರಿದರು. ರುಮಾಲು ಧರಿಸಿಯೇ ಸೇವೆ ಸಲ್ಲಿಸಿದರು. ಆದರೆ 1923ರಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟ್, ಕಾನೂನಿನ ದೃಷ್ಟಿಯಲ್ಲಿ ಅವರು 'ಬಿಳಿಯ' ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಕೋವಿ ಹಿಡಿಯಲು ಅಡ್ಡಿಯಾಗದ ಚರ್ಮದ ಬಣ್ಣ ಪೌರತ್ವಕ್ಕೆ ಅಡ್ಡಿಯಾಯಿತು! ಕೊನೆಗೆ ಅವರಿಗೆ ಪೌರತ್ವ ಸಿಕ್ಕಿದ್ದು 1936ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಫಿಲಿಪ್ಪೀನ್ ಸೈನಿಕರು ಅಮೆರಿಕದ ಧ್ವಜದಡಿ ಹೋರಾಡಿದರು. ಯುದ್ಧ ಗೆದ್ದ ಮರುವರ್ಷ, 1946ರಲ್ಲಿ, ಅಮೆರಿಕದ ಸಂಸತ್ತು ಕಾನೂನು ಮಾಡಿ ಅವರಲ್ಲಿ ಬಹುತೇಕರಿಗೆ ಮಾಜಿ ಸೈನಿಕರ ಸವಲತ್ತುಗಳನ್ನು ನಿರಾಕರಿಸಿತು. ಅವರಿಗೆ ಪೌರತ್ವದ ದಾರಿ ತೆರೆದದ್ದು 1990ರಲ್ಲಿ. ಪರಿಹಾರಧನ ಮಂಜೂರಾದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನವರು ಮಣ್ಣಾಗಿದ್ದರು.

ಗುಟಿಯೆರೆಸ್ ಮಡಿದ ಅನಂತರದ ವರ್ಷಗಳಲ್ಲೂ ಈ ರೋಗ ಗುಣವಾಗಲಿಲ್ಲ. ಸೇನೆಯಲ್ಲಿ ದುಡಿದು ಬಿಡುಗಡೆಗೊಂಡ ಪೌರತ್ವರಹಿತ ಮಾಜಿ ಸೈನಿಕರನ್ನು, ಅಪರಾಧವೊಂದರಲ್ಲಿ ಶಿಕ್ಷೆಯಾದ ಕಾರಣಕ್ಕೆ, ಶಿಕ್ಷೆ ಮುಗಿಸಿದ ಮೇಲೂ ಗಡೀಪಾರು ಮಾಡಿದ ಪ್ರಕರಣಗಳಿವೆ. 2013ರಿಂದ 2018ರ ನಡುವೆ ಸುಮಾರು 250 ಮಾಜಿ ಸೈನಿಕರು ಗಡೀಪಾರಿನ ಕ್ರಮ ಎದುರಿಸಿದರೆಂದೂ, ಇಂಥವರ ವಿಷಯದಲ್ಲಿ ಪಾಲಿಸಬೇಕಾದ ತನ್ನದೇ ನಿಯಮಗಳನ್ನು ವಲಸೆ ಇಲಾಖೆ ಸರಿಯಾಗಿ ಪಾಲಿಸಿಲ್ಲವೆಂದೂ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಹೀಗೆ ಮೆಕ್ಸಿಕೊಗೆ ಅಟ್ಟಲ್ಪಟ್ಟ ಹೆಕ್ಟರ್ ಬರಾಹಾಸ್ ಎಂಬ ಮಾಜಿ ಸೈನಿಕ, ಗಡಿನಗರ ತಿಹುವಾನಾದಲ್ಲಿ ತನ್ನಂಥವರಿಗಾಗಿ ಒಂದು ಆಸರೆಮನೆಯನ್ನೇ ತೆರೆದರು. ದೀರ್ಘ ಹೋರಾಟದ ಬಳಿಕ 2018ರಲ್ಲಿ ಅವರಿಗೆ ಪೌರತ್ವ ದೊರೆಯಿತು. ಇತರರ ಪಾಡು? ಗೌರವಪೂರ್ವಕ ಬಿಡುಗಡೆ ಪಡೆದ ಸೈನಿಕನಿಗೆ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿಯ ಹಕ್ಕಿದೆ. ಆದುದರಿಂದ ಬದುಕಿರುವಾಗ ಗಡಿ ದಾಟಲಾಗದವನು ಸತ್ತ ಮೇಲೆ ಶವಪೆಟ್ಟಿಗೆಯಲ್ಲಿ ಸಗೌರವವಾಗಿ ಒಳಬರಬಹುದು! ಗುಟಿಯೆರೆಸ್‌ಗೆ ಒದಗಿದ ನ್ಯಾಯ ಇಲ್ಲಿ ಇನ್ನಷ್ಟು ನಗ್ನವಾಗಿ ಗೋಚರಿಸುತ್ತದೆ.

ಹಾಗಾದರೆ ಪೌರತ್ವದ ಕಾಗದ ಕೈಯಲ್ಲಿದ್ದರೆ ಎಲ್ಲವೂ ಸರಿಯಾಗುತ್ತದೆಯೇ? ಅದೂ ಇಲ್ಲ. ಅದೇ ಇರಾಕಿನಲ್ಲಿ ಮಡಿದ ಇನ್ನೊಬ್ಬ ವಲಸಿಗನ ಕಥೆ ಇದಕ್ಕೆ ಸಾಕ್ಷಿ. ಕ್ಯಾಪ್ಟನ್ ಹುಮಾಯೂನ್ ಖಾನ್ ಪಾಕಿಸ್ತಾನಿ ಮೂಲದ ದಂಪತಿಯ ಮಗ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕಕ್ಕೆ ಬಂದವರು. ವರ್ಜೀನಿಯಾ ವಿಶ್ವವಿದ್ಯಾನಿಲಯದ ಪದವೀಧರ. 2004ರ ಜೂನ್ 8ರಂದು ಬಾಕುಬಾದ ಸೇನಾನೆಲೆಯತ್ತ ಅನುಮಾನಾಸ್ಪದ ಕಾರೊಂದು ಬರುತ್ತಿದ್ದಾಗ ತನ್ನ ಸೈನಿಕರನ್ನು ಹಿಂದೆ ನಿಲ್ಲಿಸಿ ಸ್ವತಃ ಮುಂದೆ ನಡೆದರು. ಕಾರು ಸ್ಫೋಟಿಸಿತು. ಹಿಂದೆ ನಿಂತವರು ಉಳಿದರು, ಅವರು ಉಳಿಯಲಿಲ್ಲ. ಆಗ ಅವರಿಗೆ 27 ವರ್ಷ. ಆರ್ಲಿಂಗ್‌ಟನ್ ಸ್ಮಶಾನದಲ್ಲಿ ಅವರ ಸಮಾಧಿಗಲ್ಲಿನ ಮೇಲೆ ಅರ್ಧಚಂದ್ರನ ಗುರುತಿದೆ. ಹನ್ನೆರಡು ವರ್ಷಗಳ ಬಳಿಕ, ಮುಸ್ಲಿಮರ ಪ್ರವೇಶವನ್ನೇ ನಿಷೇಧಿಸುವ ಮಾತು ಅಮೆರಿಕದ ಚುನಾವಣೆಯ ಘೋಷಣೆಯಾದಾಗ, ಅವರ ತಂದೆ ಖಿಝರ್ ಖಾನ್ 2016ರ ಜುಲೈಯಲ್ಲಿ ಸಂವಿಧಾನದ ಪುಟ್ಟ ಪ್ರತಿಯೊಂದನ್ನು ಜೇಬಿನಿಂದ ತೆಗೆದು ಜಗತ್ತಿನ ಮುಂದೆ ಎತ್ತಿ ಹಿಡಿಯಬೇಕಾಯಿತು. ಅದಕ್ಕೆ ಬಂದ ಪ್ರತಿಕ್ರಿಯೆಯಾದರೂ ಏನು? ಪಕ್ಕದಲ್ಲಿ ಮೌನವಾಗಿ ನಿಂತಿದ್ದ ತಾಯಿ ಘಝಾಲಾ ಅವರಿಗೆ ಮಾತನಾಡಲು ಬಹುಶಃ ಅನುಮತಿಯಿರಲಿಲ್ಲ ಎಂದು ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಕುಹಕವಾಡಿದರು. ಮಗನ ನೆನಪು ತನ್ನ ನಾಲಗೆಯನ್ನು ಕಟ್ಟಿಹಾಕಿತ್ತೆಂದು ಆ ತಾಯಿ ಪತ್ರಿಕೆಯಲ್ಲಿ ಬರೆದು ತಿಳಿಸಬೇಕಾಯಿತು.

ಒಬ್ಬನ ಬಳಿ ಕಾಗದವಿರಲಿಲ್ಲ. ಸತ್ತ ಮೇಲೆ ಕೊಟ್ಟರು. ಇನ್ನೊಬ್ಬರ ಬಳಿ ಕಾಗದವಿತ್ತು. ಸತ್ತ ಮೇಲೂ ಅವರ ಸಮುದಾಯದ ನಿಷ್ಠೆಯನ್ನು ಸಂಶಯಿಸಿದರು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಸತ್ಯ ನಿಚ್ಚಳವಾಗುತ್ತದೆ. ಸಾವನ್ನು ಅರ್ಹತೆಯ ಪರೀಕ್ಷೆಯನ್ನಾಗಿಸಿದರೆ ಆ ಪರೀಕ್ಷೆಗೆ ಕೊನೆಯೇ ಇರುವುದಿಲ್ಲ. ಇಂದು ಒಂದು ಸಮಾಧಿ ತೋರಿಸಿದರೆ ನಾಳೆ ಇನ್ನೊಂದನ್ನು ಕೇಳುತ್ತಾರೆ. 'ನಮ್ಮವರೂ ದೇಶಕ್ಕಾಗಿ ಸತ್ತಿದ್ದಾರೆ' ಎಂಬ ವಾದ ಎಷ್ಟೇ ಸತ್ಯವಾಗಿದ್ದರೂ ಅದು ಕೊನೆಯ ಆಸರೆಯಾಗಬಾರದು. ಏಕೆಂದರೆ ಸಾಯದೆ, ಸದ್ದಿಲ್ಲದೆ, ಹೊಲದಲ್ಲಿ ಹಣ್ಣು ಕೀಳುವ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ಕಟ್ಟಡಕ್ಕೆ ಇಟ್ಟಿಗೆ ಹೊರುವ, ಮಕ್ಕಳಿಗೆ ಪಾಠ ಹೇಳುವ ಲಕ್ಷಾಂತರ ವಲಸಿಗರ ಹಕ್ಕು ಸೈನಿಕನ ಹಕ್ಕಿಗಿಂತ ಕಡಿಮೆಯದಲ್ಲ. ಗುಟಿಯೆರೆಸ್ ವಾಸ್ತುಶಿಲ್ಪಿಯಾಗಿ ನಾಲ್ಕು ಮನೆ ಕಟ್ಟಿ, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ಕಣ್ಮುಚ್ಚಿದ್ದರೂ ಆ ದೇಶಕ್ಕೆ ಆತ ಅಷ್ಟೇ ಸಲ್ಲುತ್ತಿದ್ದ. ಬಹುಶಃ ಹೆಚ್ಚು ಉಪಯುಕ್ತನಾಗಿರುತ್ತಿದ್ದ.

ಆತನ ಬದುಕಿನ ಜಾಡು ಹಿಡಿದು ಸ್ವಿಸ್ ನಿರ್ದೇಶಕಿ ಹೈಡಿ ಸ್ಪೆಕೋನ್ಯಾ 2006ರಲ್ಲಿ ಒಂದು ಸಾಕ್ಷ್ಯಚಿತ್ರ ನಿರ್ಮಿಸಿದರು. ಅದಿಲ್ಲದಿದ್ದರೆ ಆತ ಯುದ್ಧದ ಮೃತರ ಪಟ್ಟಿಯಲ್ಲಿ ಒಂದು ಹೆಸರಾಗಿ ಮಾತ್ರ ಉಳಿಯುತ್ತಿದ್ದನೇನೋ. ಆಡಳಿತಗಾರರಿಗೆ ಅಂತಹ ಹೆಸರುಗಳು ಬೇಕು. ಭಾಷಣಕ್ಕೆ, ಸ್ಮಾರಕಕ್ಕೆ, ಮುಂದಿನ ಯುದ್ಧದ ಭರ್ತಿಗೆ. ಅವರಿಗೆ ಬೇಡವಾದದ್ದು ಆ ಹೆಸರಿನ ಹಿಂದಿರುವ ಹಸಿದ ಹುಡುಗ, ರೈಲಿನ ಛಾವಣಿ ಮತ್ತು 1954ರ ಸಂಚು.

ಒಂದು ರಾಷ್ಟ್ರದ ಘನತೆಯನ್ನು ಅದು ಹುತಾತ್ಮರಿಗೆ ಕಟ್ಟಿಸಿದ ಸ್ಮಾರಕಗಳ ಎತ್ತರದಿಂದ ಅಳೆಯುವುದು ರೂಢಿಯಾಗಿದೆ. ಆದರೆ ಸರಿಯಾದ ಅಳತೆಗೋಲು ಬೇರೆಯೇ ಇದೆ. ಬಾಗಿಲಿಗೆ ಬಂದ ಅನಾಥನಿಗೆ, ಬೆವರು ಸುರಿಸಿದ ಪರದೇಶಿಗೆ, ಆತ ಉಸಿರಾಡುತ್ತಿರುವಾಗಲೇ ಆ ರಾಷ್ಟ್ರ ಏನು ಕೊಟ್ಟಿತು ಎಂದು ನೋಡಬೇಕು. ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸುವುದು ಸುಲಭ. ಬದುಕಿರುವವನ ಕೈಹಿಡಿದು 'ನೀನು ನಮ್ಮವನು' ಎನ್ನುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಆಳುವವರು ಸಿದ್ಧರಾಗುವ ತನಕ ಮರಣೋತ್ತರ ಪೌರತ್ವವೆಂಬುದು ಗೌರವವಲ್ಲ; ಅದು ಬಾಕಿ ಉಳಿಸಿಕೊಂಡ ಸಾಲಕ್ಕೆ, ಸಾಲ ಕೊಟ್ಟವನು ತೀರಿಹೋದ ಬಳಿಕ ಬರೆದುಕೊಟ್ಟ ರಶೀದಿ.